ರೂಟ್ ಕೆನಾಲ್: ಕೈ ಫೈಲೋ, ಮೆಷಿನ್ನೋ, ಲೇಸರೋ? ಒಳಗಿನ ಕೊಳೆ ನಿಜವಾಗಿ ಹೋಗೋದು ಯಾವುದರಿಂದ?

ತೋಟದಮನೆ, ಶಿರಸಿ:
ಎಲ್ಲರಿಗೂ ನಮಸ್ಕಾರ. ಕೆಳಗಿನ ಬಲಗಡೆ ಮೊದಲ ದವಡೆ ಹಲ್ಲು. ಎರಡು ತಿಂಗಳು ಬಿಸಿ ಚಾ ತಾಗಿದ್ರೆ ಕಿವಿವರೆಗೂ ಜುಮ್ ಅಂತಿತ್ತು. ಈಗ ಹದಿನೈದು ದಿನದಿಂದ ಆ ಜುಮ್ಮು ಇಲ್ಲ, ಬದಲಿಗೆ ಕಚ್ಚಿದ್ರೆ ನೋವು, ರಾತ್ರಿ ಮಲಗಿದ್ರೆ ಬಡಿತ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಹೆಸರುಕಾಳಿನಷ್ಟು ಕಪ್ಪು ನೆರಳು.

ಮೂರು ಕಡೆ ತೋರಿಸಿದೆ. ಒಬ್ಬರು ಕೈ ಫೈಲಿನಲ್ಲೇ (ನಾಳ ಉಜ್ಜೋ ಸೂಜಿಯಂಥ ಸಣ್ಣ ಅರ) ಮಾಡ್ತೀನಿ, ಮೂರು ಸಿಟ್ಟಿಂಗ್, 3,500 ರೂಪಾಯಿ ಅಂದ್ರು. ಇನ್ನೊಬ್ಬರು ಫೈಲನ್ನ ಮೋಟರಿನಲ್ಲಿ ತಿರುಗಿಸೋ ರೋಟರಿ ಮೆಷಿನ್, ಒಂದೇ ಸಿಟ್ಟಿಂಗ್, 6,000. ಹುಬ್ಬಳ್ಳಿಯಲ್ಲಿ ಲೇಸರ್ ರೂಟ್ ಕೆನಾಲ್, 14,000. ಮೂವರೂ ತಮ್ಮದರಲ್ಲೇ ನಾಳ ಪೂರ್ತಿ ಸ್ವಚ್ಛ ಆಗುತ್ತೆ ಅಂತಾರೆ.

ಅಮ್ಮನಿಗೆ ಇದೇ ಹಲ್ಲಿಗೆ ಎರಡು ಸಲ ಮಾಡಿಸಿ ಕೊನೆಗೆ ಕೀಳಿಸಬೇಕಾಯ್ತು. ದುಡ್ಡು ಹೇಗಾದ್ರೂ ಹೊಂದಿಸ್ತೀನಿ, ಎರಡನೇ ಸಲ ಅನ್ನೋದು ಮಾತ್ರ ಬರಬಾರದು. ಗೊತ್ತಿದ್ದವರು ಹೇಳಿ.

ಉಣಕಲ್ ಕೆರಿ:
ಮೆಷಿನ್ನೇ ಚಲೋ ರೀ. ನನ್ನ ಮೊದಲನೇ ಹಲ್ಲು ಕೈಲೆ ಮಾಡಿದ್ರು, ಮೂರು ಸಲ ಹೋಗಿ ಬಾಯಿ ತೆಗದು ತೆಗದು ದವಡಿ ಹಿಡಕೊಂಡಿತ್ತು. ಎರಡನೇದು ಮೆಷಿನ್‌ಲೆ, ಒಂದೂವರಿ ತಾಸಿನ್ಯಾಗ ಮುಗೀತು. ಎರಡೂ ಇವತ್ತಿಗೂ ಗಟ್ಟಿ ಅದಾವ.

ಕೆಂಗೇರಿ ಕಿಟ್ಟಿ:
ಎರಡೂ ಗಟ್ಟಿ ಇದಾವೆ ಅಂದ್ಮೇಲೆ ಎರಡೂ ವಿಧಾನ ಕೆಲಸ ಮಾಡಿದೆ ಅಂತಾಯ್ತು. ಮೆಷಿನ್ನಿಂದ ನಿಮಗೆ ಉಳಿದಿದ್ದು ಸಮಯ, ದವಡೆ ನೋವು. ಅವರು ಕೇಳ್ತಿರೋದು ಕೊಳೆ ವಿಷಯ.

ಬೇರುನಾಳ:
ನಾನು ಎಂಡೊಡಾಂಟಿಸ್ಟ್, ಅಂದ್ರೆ ರೂಟ್ ಕೆನಾಲ್ ತಜ್ಞೆ, 17 ವರ್ಷದಿಂದ ದಿನವಿಡೀ ಮಾಡೋದು ಇದನ್ನೇ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಫೈಲು, ಕೈಯದ್ದಾಗಲಿ ಮೆಷಿನ್ನಿನದ್ದಾಗಲಿ, ಇರೋದು ನಾಳವನ್ನ ಅಗಲ ಮಾಡೋಕೆ. ತೊಳೆಯೋ ಕೆಲಸ ಮದ್ದಿನ ನೀರಿನದ್ದು. ಲೇಸರ್, ಅಲ್ಟ್ರಾಸಾನಿಕ್ ಇರೋದು ಆ ನೀರನ್ನ ಒಳಗೆ ಕಲಕಿ ಸಂದುಗೊಂದಿಗೆ ನುಗ್ಗಿಸೋಕೆ. ಹಾಗಾಗಿ ಈ ಮೂರರಲ್ಲಿ ಯಾವುದು ಅಂತ ಕೇಳಿದ್ರೆ, ಗುದ್ದಲಿ, ನೀರು, ಪಂಪು ಈ ಮೂರರಲ್ಲಿ ತೋಟಕ್ಕೆ ಯಾವುದು ಬೇಕು ಅಂತ ಕೇಳಿದ ಹಾಗೆ.

ಎಕ್ಸ್‌ರೇಯಲ್ಲಿ ನಾಳ ಗೆರೆ ಎಳೆದ ಹಾಗೆ ಕಾಣುತ್ತೆ. ನಿಜದಲ್ಲಿ ಅದು ನಿಮ್ಮ ಕಡೆಯ ಮಳೆಗಾಲದ ಹಳ್ಳ. ಒಂದು ಕಡೆ ದುಂಡಗೆ, ಒಂದು ಕಡೆ ಚಪ್ಪಟೆ, ಪಕ್ಕಕ್ಕೆ ಕವಲು, ತುದಿಯಲ್ಲಿ ತಿರುವು. ಕೆಳಗಿನ ಮೊದಲ ದವಡೆ ಹಲ್ಲಿಗೆ ಎರಡು ಬೇರು, ಸಾಮಾನ್ಯವಾಗಿ ಮೂರು ನಾಳ, ಕೆಲವರಿಗೆ ನಾಲ್ಕು. ಮುಂದಿನ ಬೇರಿನ ಎರಡು ನಾಳಗಳ ನಡುವೆ ಎಷ್ಟೋ ಜನಕ್ಕೆ ಒಂದು ತೆಳು ಸೀಳು ಇರುತ್ತೆ. ಅದರೊಳಗೂ ಸತ್ತ ನರ, ರೋಗಾಣು. ಯಾವ ಕಂಪನಿಯ ಫೈಲೂ ಅಲ್ಲಿಗೆ ಹೋಗಲ್ಲ. 2001ರಲ್ಲಿ ಜ್ಯೂರಿಕ್‌ನಲ್ಲಿ ಪೀಟರ್ಸ್ ಮತ್ತು ಜೊತೆಗಾರರು ಮೇಲಿನ ದವಡೆ ಹಲ್ಲುಗಳನ್ನ ಫೈಲ್ ಹಾಕೋ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಮೈಕ್ರೊ ಸಿಟಿ ಸ್ಕ್ಯಾನ್ ಮಾಡಿ ಹೋಲಿಸಿದ್ರು. ಯಾವ ತರಹದ ಫೈಲ್ ಬಳಸಿದ್ರೂ ನಾಳದ ಗೋಡೆಯ 35% ಅಥವಾ ಅದಕ್ಕೂ ಹೆಚ್ಚು ಭಾಗಕ್ಕೆ ಫೈಲು ತಾಗಿರಲೇ ಇಲ್ಲ.

ತಾಗದ ಜಾಗವನ್ನ ತೊಳೆಯೋದು ಸೋಡಿಯಂ ಹೈಪೋಕ್ಲೋರೈಟ್. ರೋಗಾಣು ಕೊಲ್ಲುತ್ತೆ, ಸತ್ತ ನರವನ್ನೂ ಕರಗಿಸುತ್ತೆ. ನಾವು ಬಳಸೋ ದ್ರವಗಳಲ್ಲಿ ಈ ಎರಡನೇ ಗುಣ ಇಷ್ಟು ಚೆನ್ನಾಗಿರೋದು ಇದಕ್ಕೇ. 1915ರಲ್ಲಿ ಹೆನ್ರಿ ಡೇಕಿನ್ ಮೊದಲ ಮಹಾಯುದ್ಧದ ಸೈನಿಕರ ಗಾಯ ತೊಳೆಯೋಕೆ ಇದನ್ನೇ 0.5% ಮಾಡಿ ಬಳಸಿದ್ದರು. ಹಲ್ಲಿಗೆ 2.5%ರಿಂದ 5.25% ನಡುವೆ ಬಳಸೋರೇ ಹೆಚ್ಚು.

ಆದ್ದರಿಂದ "ಯಾವ ಮೆಷಿನ್?" ಅನ್ನೋದಕ್ಕಿಂತ "ಯಾವುದರಲ್ಲಿ ತೊಳೀತೀರಿ, ಎಷ್ಟು ಹೊತ್ತು, ರಬ್ಬರ್ ಡ್ಯಾಮ್ ಹಾಕ್ತೀರಾ?" ಅಂತ ಕೇಳಿ. ಡ್ಯಾಮ್ ಅಂದ್ರೆ ಆ ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಗೆ ಅಡ್ಡ ಕಟ್ಟೋ ರಬ್ಬರ್ ಹಾಳೆ.

ದಾವಣಗೆರೆ ದಂತ:
ಮೇಡಂ, ಗೌರವದಿಂದಲೇ ಒಂದು ತಕರಾರು. ನಾನೂ ಡೆಂಟಿಸ್ಟ್, ಬಿಡಿಎಸ್ ಮುಗಿಸಿ ಆರು ವರ್ಷ. ಫೈಲಿನದ್ದು ಬರೀ ಅಗಲ ಮಾಡೋ ಕೆಲಸ ಅಂದ್ರೆ ಜನ ಅದು ಹೇಗಿದ್ರೂ ನಡೆಯುತ್ತೆ ಅಂದ್ಕೋತಾರೆ. ತೊಳೆಯೋ ಸೂಜಿ ತುದಿಯ ಹತ್ತಿರ ಹೋಗಬೇಕಲ್ಲ? 30 ಗೇಜ್ ಸೂಜಿಯ ಹೊರ ಅಳತೆ ಸುಮಾರು 0.31 ಮಿ.ಮೀ. 20 ನಂಬರ್ ಫೈಲಿಗೆ ನಿಲ್ಲಿಸಿದ್ರೆ ನಾಳದ ತುದಿ 0.20 ಮಿ.ಮೀ. ಇರುತ್ತೆ. ಅಲ್ಲಿಗೆ ಸೂಜಿ ಇಳಿಯುತ್ತಾ? ಸೂಜಿಯ ಬಾಯಿಂದ ಮುಂದಕ್ಕೆ ನೀರು ಹೋಗೋದು ಒಂದೆರಡು ಮಿಲಿಮೀಟರ್ ಅಷ್ಟೇ. ಅಲ್ಲಿಂದ ಕೆಳಗೆ ಗಾಳಿಗುಳ್ಳೆ ಕೂತಿರುತ್ತೆ, ನೀರು ಮುಟ್ಟೋದೇ ಇಲ್ಲ. ಸರಿಯಾಗಿ ಅಗಲ ಮಾಡದೆ ಅರ್ಧ ಲೀಟರ್ ಸುರಿದ್ರೂ ತುದಿ ಕೊಳೆಯಾಗೇ ಉಳಿಯುತ್ತೆ.

ಮತ್ತೆ ಕೈ ಫೈಲ್ ಸ್ಟೀಲಿನದ್ದು. ತಿರುವಿನಲ್ಲಿ ಬಾಗೋ ಬದಲು ತನ್ನ ದಾರಿ ತಾನೇ ಕೊರೆದುಕೊಂಡು ಮೆಟ್ಟಿಲು ಮಾಡಿಬಿಡುತ್ತೆ. ರೋಟರಿಯ ನಿಕ್ಕಲ್ ಟೈಟಾನಿಯಂ ಬಾಗುತ್ತೆ. ಸೊಟ್ಟ ಬೇರಿಗೆ ರೋಟರಿಯೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಬೇರುನಾಳ:
ಒಪ್ಪಿದೆ. ಸೂಜಿಯ ಮಾತು ನಾನೇ ಹೇಳಬೇಕಿತ್ತು. ಆದರೆ ಅಗಲ ಮಾಡೋದಕ್ಕೂ ಮಿತಿ ಇದೆ. ಬೇರಿನ ಗೋಡೆ ತೆಳ್ಳಗಾದಷ್ಟೂ ಐದಾರು ವರ್ಷದ ಮೇಲೆ ಉದ್ದುದ್ದ ಸೀಳೋ ಭಯ. ಸೀಳಿದ ಬೇರಿಗೆ ಮದ್ದಿಲ್ಲ.

ಇನ್ನೊಂದು ಮಾತು. ರೋಟರಿ ಇರೋ ಕಡೆಯೂ ಒಳ್ಳೆಯ ಕೈ ಮೊದಲು 8, 10 ನಂಬರಿನ ಸಣ್ಣ ಕೈ ಫೈಲಿನಲ್ಲೇ ದಾರಿ ಹುಡುಕುತ್ತೆ. ಕೈಯೋ ಮೆಷಿನ್ನೋ ಅನ್ನೋ ಜಗಳ ರೋಗಿಗಳಲ್ಲೇ ಜಾಸ್ತಿ, ನಮ್ಮ ಟೇಬಲ್ ಮೇಲೆ ಎರಡೂ ಪಕ್ಕಪಕ್ಕ ಇರುತ್ತವೆ.

ಸರಸ್ವತೀಪುರಂ:
ರೋಟರಿ ರೋಟರಿ ಅಂತೀರಲ್ಲ, ಮುರಿಯೋ ವಿಷಯ ಯಾರೂ ಎತ್ತಲಿಲ್ಲ. ನಾಲ್ಕು ವರ್ಷದ ಹಿಂದೆ ಮೈಸೂರಲ್ಲಿ ಮಾಡಿಸ್ದಾಗ ಕಿವಿಯೊಳಗೆ 'ಟಿಕ್' ಅಂತ ಕೇಳಿಸ್ತು. ಡಾಕ್ಟ್ರು, ಅಸಿಸ್ಟೆಂಟ್ ಹುಡುಗಿ ಇಬ್ರೂ ಒಂದು ಗಳಿಗೆ ಕೈ ನಿಲ್ಲಿಸಿದ್ರು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮುಗಿಸಿ ಕ್ಯಾಪ್ ಹಾಕಿ ಕಳಿಸಿದ್ರು. ಒಂದು ವರ್ಷಕ್ಕೆ ವಸಡಿನಲ್ಲಿ ಕೀವಿನ ಗುಳ್ಳೆ. ಬೇರೆ ಕಡೆ ಎಕ್ಸ್‌ರೇ ತೆಗೆಸಿದ್ರೆ ನಾಳದೊಳಗೆ ಮೂರು ಮಿಲಿಮೀಟರ್ ಲೋಹದ ತುಂಡು, ಬೆಳ್ಳಗೆ ಹೊಳೀತಿದೆ. ಮುರಿದಿದ್ದಕ್ಕೆ ನನಗೆ ಸಿಟ್ಟಿಲ್ಲ, ಕೈಕೆಲಸದಲ್ಲಿ ಆಗುತ್ತೆ. ನನಗೆ ಹೇಳಲಿಲ್ಲ ಅನ್ನೋದನ್ನ ಮಾತ್ರ ಇವತ್ತಿಗೂ ಮರೆಯೋಕಾಗಿಲ್ಲ.

ದಾವಣಗೆರೆ ದಂತ:
ಹೇಳಲೇಬೇಕಿತ್ತು ಅಕ್ಕ. ಅದರಲ್ಲಿ ಎರಡು ಮಾತಿಲ್ಲ. ನಿಕ್ಕಲ್ ಟೈಟಾನಿಯಂ ಮುರಿಯೋ ಮುಂಚೆ ಸುಳಿವು ಕೊಡಲ್ಲ. ಸ್ಟೀಲ್ ಫೈಲಿನ ಸುರುಳಿ ಮೊದಲು ಬಿಚ್ಚಿಕೊಳ್ಳುತ್ತೆ, ಕಣ್ಣಿಗೆ ಕಾಣುತ್ತೆ. ಹಾಗಾಗಿ ಒಂದೇ ಫೈಲನ್ನ ಎಷ್ಟು ಹಲ್ಲಿಗೆ ಬಳಸ್ತಾರೆ ಅನ್ನೋದೂ ಮುಖ್ಯ. ನಾನು ದವಡೆ ಹಲ್ಲಿಗೆ ಬಳಸಿದ್ದನ್ನ ಎಸೀತೀನಿ. ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ತಿರುಗೋ ಮೆಷಿನ್ ಬಂದ ಮೇಲೆ ಮುರಿಯೋದು ಕಡಿಮೆಯಾಗಿದೆ.

ಬೇರುನಾಳ:
ಸರಸ್ವತೀಪುರಂ ಅವರೇ, ತುಂಡು ತಾನಾಗಿ ಕೀವು ಮಾಡಲ್ಲ. ಅದರ ಕೆಳಗೆ ತೊಳೆಯದೆ ಉಳಿದ ಭಾಗ ಮಾಡುತ್ತೆ. ಚೆನ್ನಾಗಿ ತೊಳೆದ ಮೇಲೆ ಮುರಿದ ತುಂಡು ವರ್ಷಗಟ್ಟಲೆ ತೊಂದರೆ ಕೊಡದೆ ಇರಬಹುದು, ಮೊದಲೇ ಮುರಿದ್ರೆ ಕಷ್ಟ. ಈಗ ಹಲ್ಲು ಹೇಗಿದೆ?

ಸರಸ್ವತೀಪುರಂ:
ಪಕ್ಕದಿಂದ ಸಣ್ಣ ಫೈಲ್ ತೂರಿಸಿ ತೊಳೆದ್ರು ಮೇಡಂ, ತುಂಡು ಅಲ್ಲೇ ಇದೆ. ಗುಳ್ಳೆ ಹೋಗಿದೆ. ಹೋದ ತಿಂಗಳ ಎಕ್ಸ್‌ರೇಯಲ್ಲಿ ನೆರಳು ಅರ್ಧಕ್ಕೆ ಇಳಿದಿತ್ತು.

ಗುಂಡ್ಲುಪೇಟೆ ಗೌಡ:
ಇಷ್ಟೆಲ್ಲ ಒದ್ದಾಟ ಯಾಕೆ, ಕಿತ್ತಾಕ್ಸಿ. ನಮ್ಮಪ್ಪ ಎಲ್ಲ ಹಲ್ಲೂ ಕೀಳ್ಸಿ ಸೆಟ್ ಹಾಕ್ಸ್ಕೊಂಡು ಎಂಬತ್ತು ವರ್ಷ ಬದುಕಿದ್ರು.

ಕೆಂಗೇರಿ ಕಿಟ್ಟಿ:
ಗೌಡ್ರೆ, ಬದುಕೋದು ಬೇರೆ, ಮುದ್ದೆ ಸಾರಲ್ಲಿ ಮೂಳೆ ಕಡಿಯೋದು ಬೇರೆ. ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತೆ, ಮೇಲಿನದು ಕೆಳಗೆ ಇಳಿಯುತ್ತೆ. ಆಮೇಲೆ ಬ್ರಿಡ್ಜೋ ಇಂಪ್ಲಾಂಟೋ ಅಂತ ಇದರ ಮೂರು ಪಟ್ಟು ಖರ್ಚು.

ಹಸಿರು ಮನೆಮದ್ದು:
ದಿನಾ ಬೆಳಗ್ಗೆ ಎಳ್ಳೆಣ್ಣೆ ಬಾಯಿ ಮುಕ್ಕಳಿಸಿ, ಹಲ್ಲಿನ ತೂತಿಗೆ ಲವಂಗದ ಎಣ್ಣೆ ಬಿಡಿ. ಸೋಂಕು ಒಳಗೇ ಸಾಯುತ್ತೆ. ರೂಟ್ ಕೆನಾಲ್ ಮಾಡಿದ ಹಲ್ಲು ಹೆಣ ಇದ್ದ ಹಾಗೆ, ಮೈಗೆಲ್ಲ ವಿಷ ಬಿಡುತ್ತೆ ಅಂತ ಅಮೆರಿಕದ ಡಾಕ್ಟರೇ ಹೇಳಿದಾರೆ.

ಬೇರುನಾಳ:
ಲವಂಗದ ಎಣ್ಣೆ ನೋವು ಇಳಿಸುತ್ತೆ, ನಿಜ. ಅದರ ಯೂಜಿನಾಲ್ ಅನ್ನ ನಾವೇ ತಾತ್ಕಾಲಿಕ ಫಿಲ್ಲಿಂಗ್‌ನಲ್ಲಿ ಬಳಸ್ತೀವಿ. ಆದರೆ ಬೇರಿನ ತುದಿಗೆ ನೆರಳು ಬಂದಿದೆ ಅಂದ್ರೆ ಒಳಗಿನ ನರ ಸತ್ತಿದೆ. ರಕ್ತ ಹರಿಯದ ಜಾಗ ಅದು, ಮಾತ್ರೆ ನುಂಗಿದ್ರೂ ಅಲ್ಲಿಗೆ ತಲುಪಲ್ಲ. ಎಣ್ಣೆ ಮುಕ್ಕಳಿಸಿದ್ರೆ ಎಲ್ಲಿಂದ ತಲುಪುತ್ತೆ?

ಮೈಗೆಲ್ಲ ವಿಷ ಅನ್ನೋದು ವೆಸ್ಟನ್ ಪ್ರೈಸ್ ಅನ್ನೋ ದಂತವೈದ್ಯರು 1920ರ ದಶಕದಲ್ಲಿ ಹಬ್ಬಿಸಿದ ವಾದ. ಆಮೇಲಿನ ಸಂಶೋಧನೆಗಳಲ್ಲಿ ಅದು ನಿಲ್ಲಲಿಲ್ಲ. ಆ ಭಯಕ್ಕೆ ಲಕ್ಷಾಂತರ ಒಳ್ಳೆಯ ಹಲ್ಲು ಕಿತ್ತಿದ್ದಾರೆ. ಅದಕ್ಕಿಂತ 1965ರಲ್ಲಿ ಅಮೆರಿಕದಲ್ಲಿ ಕಾಕೆಹಾಶಿ ತಂಡ ಮಾಡಿದ ಪ್ರಯೋಗ ನೋಡಿ. ರೋಗಾಣುವೇ ಇಲ್ಲದ ಹಾಗೆ ಸಾಕಿದ ಇಲಿಗಳ ಹಲ್ಲು ಕೊರೆದು ನರ ತೆರೆದಿಟ್ಟರು. ಅನ್ನದ ಚೂರು ಹೊಕ್ಕರೂ ಆ ನರ ಸಾಯಲಿಲ್ಲ, ಮೇಲೆ ಹೊಸ ಪದರ ಕಟ್ಟಿಕೊಂಡಿತು. ಮಾಮೂಲಿ ಇಲಿಗಳಲ್ಲಿ ನರ ಕೊಳೆತು ಕೀವಾಯಿತು. ರೋಗಾಣು ಇದ್ದರೆ ಮಾತ್ರ ರೋಗ. ನಮ್ಮ ಕೆಲಸವೆಲ್ಲ ಆ ರೋಗಾಣು ತೊಳೆಯೋದೇ.

ಕುಂದಾನಗರಿ:
ಹೈಪೋಕ್ಲೋರೈಟ್ ಹೊಗಳಾಕತ್ತೀರಿ, ಅದರದೊಂದು ಕಥಿ ಕೇಳ್ರಿ. ನಮ್ಮ ತಂಗಿಗೆ ಮೇಲಿನ ಕೋರೆಹಲ್ಲಿಗೆ ಮಾಡಬೇಕಾದ್ರ ಒಮ್ಮೆಲೇ ಬೆಂಕಿ ಇಟ್ಟಂಗ ಉರಿ ಎದ್ದು ಚೀರಿದಳು, ಜೋಮಿನ ಸೂಜಿ ಕೊಟ್ಟಿದ್ರೂ. ಹತ್ತು ನಿಮಿಷದಾಗ ಗಲ್ಲ ಉಬ್ಬಿ ಕಣ್ಣು ಮುಚ್ಚಿತು. ಮರುದಿನ ಕಣ್ಣಿನ ಕೆಳಗ ನೀಲಿ. ಎರಡು ವಾರ ಹೊರಗ ಬರಲಿಲ್ಲ. ಈಗ ಆರಾಮ್ ಅದಾಳ, ಆದ್ರ ಅಂಥಾ ಔಷಧ ಯಾಕ ಬೇಕ್ರಿ?

ಬೇರುನಾಳ:
ನಿಮ್ಮ ತಂಗಿ ಪಟ್ಟ ನೋವು ಓದಿ ಸಂಕಟವಾಯ್ತು. ದ್ರವ ಬೇರಿನ ತುದಿ ದಾಟಿ ಹೊರಗಿನ ಮಾಂಸಕ್ಕೆ ಹೋದಾಗ ಹೀಗಾಗುತ್ತೆ. ಅಪರೂಪ, ಆದರೆ ಆದಾಗ ಭಯಂಕರ. ಸೂಜಿ ನಾಳದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದ್ದಾಗ ಜೋರಾಗಿ ಒತ್ತೋದು ಮುಖ್ಯ ಕಾರಣ. ಸೂಜಿ ಸಡಿಲ ಇರಬೇಕು, ತುದಿ ಮುಚ್ಚಿ ಪಕ್ಕದಲ್ಲಿ ತೂತಿರೋದು ಬೇಕು, ತುದಿಗಿಂತ ಒಂದೆರಡು ಮಿಲಿಮೀಟರ್ ಮೇಲೇ ನಿಲ್ಲಬೇಕು. ಹೆಬ್ಬೆರಳಲ್ಲಿ ಒತ್ತಬಾರದು, ತೋರುಬೆರಳಲ್ಲಿ ಮೆಲ್ಲಗೆ. ನಾನು ವಿದ್ಯಾರ್ಥಿಗಳಿಗೆ ಮೊದಲ ದಿನ ಕಲಿಸೋದೇ ಈ ಬೆರಳಿನ ಪಾಠ.

ಹಾಗಂತ ಬಿಡೋಕಾಗಲ್ಲ. ಬರೀ ಸಲೈನ್‌ನಲ್ಲಿ ತೊಳೆದ್ರೆ ಕಸ ತೇಲಿ ಬರುತ್ತೆ, ಸತ್ತ ನರ ಕರಗಲ್ಲ. ರೋಗಾಣು ಕೊಲ್ಲೋ ಇನ್ನೊಂದು ದ್ರವ ಕ್ಲೋರ್‌ಹೆಕ್ಸಿಡಿನ್ ಕೂಡ ಕರಗಿಸಲ್ಲ.

ದಾವಣಗೆರೆ ದಂತ:
ಇಲ್ಲಿ ಡೆಂಟಲ್ ಹುಡುಗರು ಓದ್ತಿದ್ರೆ ಒಂದು ಮಾತು: ಹೈಪೋಕ್ಲೋರೈಟ್ ಮೇಲೆ ನೇರವಾಗಿ ಕ್ಲೋರ್‌ಹೆಕ್ಸಿಡಿನ್ ಬಿಡಬೇಡಿ. ಇಟ್ಟಿಗೆ ಬಣ್ಣದ ಗಷ್ಟು ಕಟ್ಟುತ್ತೆ. ಇಂಟರ್ನ್‌ಶಿಪ್‌ನಲ್ಲಿ ನಾನೇ ಮಾಡಿದ್ದೆ. ಹಲ್ಲಿನ ಬಾಯಿ ತುಂಬ ಕಂದು ಕೆಸರು, ಗೋಡೆಗೆ ಅಂಟಿಕೊಂಡು ಹೋಗ್ತಾನೇ ಇಲ್ಲ. ನಡುವೆ ಸಲೈನ್‌ನಲ್ಲಿ ಚೆನ್ನಾಗಿ ತೊಳೆದು ಪೇಪರ್ ಪಾಯಿಂಟ್‌ನಲ್ಲಿ ಒಣಗಿಸಿ. ಇಡಿಟಿಎ ಜೊತೆಗೂ ಒಟ್ಟಿಗೆ ಬೇಡ, ಹೈಪೋಕ್ಲೋರೈಟಿನ ಶಕ್ತಿ ಇಳಿಸಿಬಿಡುತ್ತೆ.

ಉಣಕಲ್ ಕೆರಿ:
ಇಡಿಟಿಎ ಅಂದ್ರೇನ್ರಿ?

ದಾವಣಗೆರೆ ದಂತ:
ಫೈಲ್ ಆಡಿಸಿದಾಗ ಹಲ್ಲಿನ ಹಿಟ್ಟು ಗೋಡೆಗೆ ಸಾರಣೆ ಮಾಡಿದ ಹಾಗೆ ಮೆತ್ತಿಕೊಳ್ಳುತ್ತೆ ಸರ್. ಸುಣ್ಣದಂಶದ ಆ ಸಾರಣೆ ಹೈಪೋಕ್ಲೋರೈಟಿಗೆ ಬಗ್ಗಲ್ಲ. 17% ಇಡಿಟಿಎ ಒಂದು ನಿಮಿಷದಷ್ಟು ಬಿಟ್ಟರೆ ಅದು ಏಳುತ್ತೆ, ಕೆಳಗಿನ ಸೂಕ್ಷ್ಮ ರಂಧ್ರಗಳ ಬಾಯಿ ತೆರೆಯುತ್ತೆ.

ಪಣಂಬೂರು:
ಲೇಸರಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ ಮಾರಾಯ್ರೆ. ನಾನು ಮಾಡಿಸಿದ್ದೇನೆ. ನೋವಿಲ್ಲ, ಊತ ಇಲ್ಲ, ಮರುದಿನವೇ ಮೀನು ಊಟ. ಹೆಚ್ಚು ದುಡ್ಡು ಕೊಟ್ಟದ್ದಕ್ಕೆ ಬೇಸರ ಇಲ್ಲ.

ಬೇರುನಾಳ:
ಒಳ್ಳೆಯದಾಯ್ತು. ಆದರೆ 'ಲೇಸರ್' ಅನ್ನೋ ಒಂದೇ ಬೋರ್ಡಿನ ಹಿಂದೆ ಎರಡು ಬೇರೆ ಯಂತ್ರ ಇರುತ್ತವೆ. ಡಯೋಡ್ ಲೇಸರ್ ಚಿಕ್ಕದು, ಕಡಿಮೆ ಬೆಲೆಯದು. ಅದು ನಾಳದೊಳಗೆ ಬಿಸಿ ಕೊಟ್ಟು ರೋಗಾಣು ಕಡಿಮೆ ಮಾಡುತ್ತೆ. ಅರ್ಬಿಯಂ ಯಾಗ್ ದೊಡ್ಡದು, ದುಬಾರಿ. ಅದರ 2,940 ನ್ಯಾನೊಮೀಟರ್ ಕಿರಣವನ್ನ ನೀರು ಹೀರಿಕೊಳ್ಳುತ್ತೆ, ಕ್ಷಣದಲ್ಲಿ ಗುಳ್ಳೆ ಎದ್ದು ಒಡೆಯುತ್ತೆ, ಆ ಹೊಡೆತಕ್ಕೆ ಹೈಪೋಕ್ಲೋರೈಟ್ ಸಂದುಗಳಿಗೆ ನುಗ್ಗುತ್ತೆ. ಅಂದ್ರೆ ಅಲ್ಲೂ ತೊಳೆಯೋದು ನೀರೇ. ತೋಟದಮನೆ ಅವರು ಹುಬ್ಬಳ್ಳಿಯಲ್ಲಿ ಯಾವ ಲೇಸರ್ ಅಂತ ಕೇಳಲಿ. ಡಯೋಡ್ ಆದ್ರೆ 14,000 ಕೊಡೋ ಅಗತ್ಯ ನನಗೆ ಕಾಣಲ್ಲ.

ಅಲ್ಟ್ರಾಸಾನಿಕ್ ತಂತಿಯನ್ನ ನಾಳದೊಳಗೆ ಗೋಡೆಗೆ ತಾಗದ ಹಾಗೆ ಹಿಡಿದು 20 ಸೆಕೆಂಡಿನಂತೆ ಮೂರು ಸಲ, ಪ್ರತಿ ಸಲ ಹೊಸ ದ್ರವ ಹಾಕಿ ನಡುಗಿಸಿದ್ರೆ ಒಳ್ಳೆಯ ಫಲ ಸಿಗುತ್ತೆ. ಹಲ್ಲಿನ ಕಿಟ್ಟ ತೆಗೆಯೋ ಯಂತ್ರ ಬಹುಪಾಲು ಕ್ಲಿನಿಕ್ಕಿನಲ್ಲಿ ಇದ್ದೇ ಇರುತ್ತೆ, ಅದರಲ್ಲಿ ಎಷ್ಟೋ ಮಾಡೆಲ್ಲಿಗೆ ಬೇರೆ ತುದಿ ಸಿಕ್ಕಿಸಿದ್ರೆ ಸಾಕು. ಅದೂ ಇಲ್ವಾ? ಕೊನೆಗೆ ನಾಳ ತುಂಬೋಕೆ ಬಳಸೋ ರಬ್ಬರಿನಂಥ ಗಟ್ಟಾಪರ್ಚಾ ಕಡ್ಡಿಯಲ್ಲಿ ನಾಳಕ್ಕೆ ಹೊಂದೋದನ್ನ ದ್ರವದೊಳಗೆ ಕೈಯಲ್ಲೇ ಮೇಲೆ ಕೆಳಗೆ ನೂರು ಸಲ ಆಡಿಸಿ. ಗಾಳಿಗುಳ್ಳೆ ಒಡೆದು ದ್ರವ ತುದಿ ಮುಟ್ಟುತ್ತೆ. ಖರ್ಚಿಲ್ಲದ ಈ ಕೆಲಸವನ್ನ ಎಷ್ಟೋ ಜನ ಮಾಡಲ್ಲ ಅನ್ನೋದೇ ನನ್ನ ದೊಡ್ಡ ಕೊರಗು.

ಸ್ಯಾನ್ ಹೊಸೆ ಕನ್ನಡಿಗ:
ಇಲ್ಲಿ ಜೆಂಟಲ್‌ವೇವ್ ಅಂತ ಬಂದಿದೆ. ಹಲ್ಲಿನ ಮೇಲೆ ಮುಚ್ಚಳದ ಹಾಗೆ ಕೂರಿಸ್ತಾರೆ, ದ್ರವದ ಮೂಲಕ ಬೇರೆ ಬೇರೆ ಕಂಪನದ ಶಬ್ದದ ಅಲೆ ಹಾಯಿಸಿ ತೊಳೆಯೋದು. ನಾಳ ಜಾಸ್ತಿ ಕೊರೆಯಬೇಕಿಲ್ಲ ಅಂತಾರೆ. ನನ್ನ ವಿಮೆ ಅದಕ್ಕೆ ಹೆಚ್ಚುವರಿ ಕೊಡಲಿಲ್ಲ, ಕೈಯಿಂದ ಕಟ್ಟಿದೆ. ಹಲ್ಲು ಚೆನ್ನಾಗಿದೆ. ಆದರೆ ಇಪ್ಪತ್ತು ವರ್ಷದ ಹಿಂದೆ ಊರಿಗೆ ಬಂದಾಗ ಮಣಿಪಾಲದ ಡೆಂಟಲ್ ಕಾಲೇಜಿನಲ್ಲಿ ಪಿಜಿ ವಿದ್ಯಾರ್ಥಿಯೊಬ್ಬರು ಮೂರು ಮಧ್ಯಾಹ್ನ ಕೂತು ಕೈಯಲ್ಲೇ ಮಾಡಿದ ಹಲ್ಲೂ ಚೆನ್ನಾಗೇ ಇದೆ.

ಕೆಂಗೇರಿ ಕಿಟ್ಟಿ:
ಇದು ಬಹಳ ಜನಕ್ಕೆ ಗೊತ್ತಿಲ್ಲ. ಡೆಂಟಲ್ ಕಾಲೇಜಿನಲ್ಲಿ ಪಿಜಿಗಳು ಮಾಡೋ ರೂಟ್ ಕೆನಾಲನ್ನ ಹಂತ ಹಂತಕ್ಕೂ ಮೇಷ್ಟ್ರು ಬಂದು ನೋಡ್ತಾರೆ. ಸಮಯ ಹಿಡಿಯುತ್ತೆ, ಖರ್ಚು ಕಡಿಮೆ. ಶಿರಸಿಯವರಿಗೆ ಧಾರವಾಡ ಹತ್ತಿರ ಅಲ್ವಾ?

ತೋಟದಮನೆ, ಶಿರಸಿ:
ಮೂರು ಗಂಟೆ ದಾರಿ. ಅಡಿಕೆ ಕೊಯ್ಲಿನ ಕಾಲ ಬೇರೆ, ಮೂರು ನಾಲ್ಕು ಸಲ ಹೋಗೋದು ಕಷ್ಟ. ಅಡಿಕೆ ಅಂದ್ಮೇಲೆ ನೆನಪಾಯ್ತು, ಈ ಹಲ್ಲು ಹೋಗಿದ್ದು ಅಡಿಕೆ ಕಡಿದಿದ್ದಕ್ಕಾ? ಚಿಕ್ಕಂದಿನಿಂದ ಚಾಲಿ ಅಡಿಕೆ ಹದ ನೋಡೋದು ಹಲ್ಲಲ್ಲೇ.

ದಾವಣಗೆರೆ ದಂತ:
ಆಗಿರಬಹುದು ಅಣ್ಣ. ಒಣ ಅಡಿಕೆ ಕಡಿದು ಕಡಿದು ಮೇಲ್ಪದರ ಸವೆಯುತ್ತೆ, ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ಹುಳುಕೇ ಇಲ್ಲದೆ ನರ ಸಾಯುತ್ತೆ. ಮಲೆನಾಡು, ಕರಾವಳಿಯಿಂದ ಬರೋವರಲ್ಲಿ ಇದನ್ನ ನೋಡ್ತಾ ಇರ್ತೀನಿ. ಅಡಿಕೆಯೇ ಬಾಯಿ ಕ್ಯಾನ್ಸರಿಗೂ ಕಾರಣ. ಹದ ನೋಡೋಕೆ ಅಡಕತ್ತರಿ ಸಾಕು.

ತೋಟದಮನೆ, ಶಿರಸಿ:
ಸರಿ ಡಾಕ್ಟ್ರೇ, ಬಿಟ್ಟೆ. ಇನ್ನೊಂದೇ ಪ್ರಶ್ನೆ. ಒಂದೇ ಸಿಟ್ಟಿಂಗಾ, ಎರಡಾ?

ಬೇರುನಾಳ:
ಹಲವು ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ವಿಮರ್ಶೆಯಲ್ಲಿ ಎರಡಕ್ಕೂ ಗುಣವಾಗೋದರಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಂಡಿಲ್ಲ. ಆದರೆ ನಾಳದೊಳಗಿಂದ ಕೀವು ಒಸರುತ್ತಿದ್ದರೆ, ಒಣಗಿಸೋಕೆ ಆಗದಿದ್ದರೆ, ನಾನು ಅವತ್ತೇ ಮುಚ್ಚಲ್ಲ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ತುಂಬಿ ವಾರ ಹತ್ತು ದಿನ ಬಿಡ್ತೀನಿ. ಒಳಗೆ ತೆರೆದು ನೋಡಿದ ಮೇಲೆ ತೀರ್ಮಾನಿಸೋ ಡಾಕ್ಟರ್ ಆದ್ರೆ ಒಳ್ಳೆಯದು.

ತೋಟದಮನೆ, ಶಿರಸಿ (ಮೂರು ವಾರದ ಮೇಲೆ):
ಮಾಡಿಸಿಕೊಂಡೆ, ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಮೂರೂ ಕಡೆ ಮತ್ತೆ ಹೋಗಿ ಇಲ್ಲಿ ಕಲಿತಿದ್ದನ್ನೇ ಕೇಳಿದೆ. ಲೇಸರ್ ಕಡೆ ಅದು ಡಯೋಡ್. ಕೈ ಫೈಲಿನವರು ಹಿರಿಯರು, ಒಳ್ಳೆಯ ಮನುಷ್ಯ, ಆದರೆ ರಬ್ಬರ್ ಡ್ಯಾಮ್ ಹಾಕಲ್ಲ, ಸಲೈನ್‌ನಲ್ಲಿ ತೊಳೀತೀನಿ ಅಂದ್ರು. ರೋಟರಿಯವರು "3% ಹೈಪೋಕ್ಲೋರೈಟ್, ಅಲ್ಟ್ರಾಸಾನಿಕ್ ತುದಿ ಇದೆ, ಡ್ಯಾಮ್ ಇಲ್ಲದೆ ಶುರುವೇ ಮಾಡಲ್ಲ" ಅಂದ್ರು. ಅಲ್ಲೇ ಕೂತೆ.

ಹಲ್ಲಿಗೆ ಕೊಕ್ಕೆ ಹಾಕಿ ನೀಲಿ ರಬ್ಬರ್ ಹಾಳೆ ಎಳೆದ್ರು. ಮೊದಲ ಐದು ನಿಮಿಷ ಉಸಿರುಕಟ್ಟಿದ ಹಾಗಾಯ್ತು, ಮೂಗಲ್ಲಿ ಉಸಿರಾಡಿ ಅಂದ್ಮೇಲೆ ಸರಿಹೋಯ್ತು. ಸಣ್ಣ ಫೈಲಿಗೆ ತಂತಿ ಸಿಕ್ಕಿಸಿ ಉದ್ದ ಅಳೀತಿದ್ರು, ತುದಿ ಹತ್ತಿರ ಬಂದಂತೆ ಯಂತ್ರ ಬೀಪ್ ಬೀಪ್ ಅಂತ ಜೋರಾಗ್ತಿತ್ತು. ತೊಳೆಯುವಾಗ ಪಂಚಾಯ್ತಿಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನದ ನೀರಿನ ವಾಸನೆ. ಒಂದು ಹನಿ ಅಂಗಿ ಮೇಲೆ ಬಿದ್ದಿತ್ತು, ಮನೆಗೆ ಬಂದು ನೋಡಿದ್ರೆ ಹಸಿರು ಅಂಗಿಯಲ್ಲಿ ಕಾಸಿನಗಲ ಬಿಳಿ. ಅದೇ ದ್ರವ ರಬ್ಬರ್ ಹಾಳೆ ಇಲ್ಲದಿದ್ರೆ ನನ್ನ ಗಂಟಲಿಗೆ ಇಳೀತಿತ್ತು.

ಮೂರು ನಾಳ ಅಂದ್ಕೊಂಡಿದ್ದು ನಾಲ್ಕಿತ್ತು. ಹಿಂದಿನ ಬೇರಿನಲ್ಲಿ ಎರಡನೇದು ಸಿಕ್ಕಿತು. ಕೀವು ಬಂತು, ಹಾಗಾಗಿ ಒಂದೇ ಸಿಟ್ಟಿಂಗ್ ಅಂದಿದ್ದವರು ತಾವೇ ಬೇಡ ಅಂತ ಬಿಳಿ ಪೇಸ್ಟ್ ತುಂಬಿ ಹತ್ತು ದಿನ ಬಿಟ್ಟು ಕರೆದ್ರು. ನಿನ್ನೆ ತುಂಬಿ ಮುಚ್ಚಿದ್ದಾರೆ. ಮೊದಲ ದಿನದ ರಾತ್ರಿಯೇ ಬಡಿತ ನಿಂತಿತ್ತು.

ಸರಸ್ವತೀಪುರಂ:
ಆ ನಾಲ್ಕನೇ ನಾಳ ಸಿಕ್ಕಿದ್ದು ದೊಡ್ಡದು. ಕೊನೆಯ ಎಕ್ಸ್‌ರೇಯ ಪ್ರತಿ ಇಸ್ಕೊಂಡು ಫೋನಲ್ಲಿ ಇಟ್ಕೊಳ್ಳಿ.

ಬೇರುನಾಳ:
ಬಹಳ ಸಂತೋಷ. ಕ್ಯಾಪ್ ತಡಮಾಡಬೇಡಿ. ತೊಳೆದು ತುಂಬಿದ ನಾಳಕ್ಕೆ ಮೇಲಿನಿಂದ ಜೊಲ್ಲು ಸೋರಿದ್ರೆ ಮಾಡಿದ್ದೆಲ್ಲ ಹಾಳು. ಕ್ಯಾಪ್ ಕೂರೋವರೆಗೆ ಆ ಕಡೆ ಗಟ್ಟಿ ಕಚ್ಚಬೇಡಿ. ಆರು ತಿಂಗಳಿಗೊಂದು, ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿ, ಮೂಳೆ ತುಂಬೋಕೆ ಅಷ್ಟು ಸಮಯ ಬೇಕು.

ತೋಟದಮನೆ, ಶಿರಸಿ:
ಅಳತೆ ಕೊಟ್ಟಾಗಿದೆ ಮೇಡಂ, ಬರೋ ಗುರುವಾರ ಕ್ಯಾಪ್. ಅಮ್ಮನನ್ನೂ ಕರ್ಕೊಂಡು ಹೋಗ್ತೀನಿ, ಅವಳ ಎಡಗಡೆ ಹಲ್ಲು ನೋಡಿಸಬೇಕು.